ಬೈಕಿನಲ್ಲಿ ಲಡಾಖ್: ಶ್ರೀನಗರದಿಂದ ಹತ್ತಿ ಮನಾಲಿಗೆ ಇಳಿಯುವ ಸಮಗ್ರ ಮಾರ್ಗದರ್ಶಿ

ಲಡಾಖ್ ಪ್ರವಾಸದ ಲೆಕ್ಕವನ್ನು ಕಿಲೋಮೀಟರಿನಲ್ಲಿ ಹಾಕಬೇಡಿ, ರಾತ್ರಿ ಮಲಗುವ ಊರಿನ ಎತ್ತರದಲ್ಲಿ ಹಾಕಿ. ಅಲ್ಲಿಗೆ ಹೋದವರಲ್ಲಿ ಅರ್ಧದಾರಿಯಲ್ಲಿ ಹಿಂತಿರುಗುವವರನ್ನು ಕೆಡಿಸುವುದು ಹೆಚ್ಚಾಗಿ ರಸ್ತೆಯಲ್ಲ, ಅವಸರ. ನಮ್ಮ ಕಡೆಯ ಘಾಟಿಗಳಲ್ಲಿ ಓಡಿಸಿ ಪಳಗಿದವರಿಗೆ ಹೇರ್‌ಪಿನ್ ತಿರುವು ಹೊಸದಲ್ಲ. ಆದರೆ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಲಡಾಖ್ ದಾರಿಯ ಕೊನೆಯ ಮೆಟ್ಟಿಲಾದ ಮನಾಲಿ ಪೇಟೆಯೇ ಅದಕ್ಕಿಂತ ಎತ್ತರದಲ್ಲಿದೆ. ಚಾರ್ಮಾಡಿ, ಆಗುಂಬೆಯಲ್ಲಿ ಕೈ ಪಳಗಬಹುದು, ಶ್ವಾಸಕೋಶ ಪಳಗುವುದಿಲ್ಲ.

ಯಾವ ಕಡೆಯಿಂದ ಹತ್ತಬೇಕು

ಲೇಹ್‌ಗೆ ಎರಡು ಮುಖ್ಯ ಹೆದ್ದಾರಿಗಳು: ಶ್ರೀನಗರದಿಂದ ಸುಮಾರು 420 ಕಿ.ಮೀ., ಮನಾಲಿಯಿಂದ ಅಟಲ್ ಸುರಂಗದ ಮೂಲಕ ಸುಮಾರು 430 ಕಿ.ಮೀ. ದೂರ ಹೆಚ್ಚುಕಡಿಮೆ ಒಂದೇ, ಆದರೆ ದೇಹಕ್ಕೆ ಎರಡೂ ಒಂದೇ ಅಲ್ಲ.

ಶ್ರೀನಗರ 1,585 ಮೀಟರ್, ಕಾರ್ಗಿಲ್ 2,676, ಲೇಹ್ 3,500. ನಡುವೆ ಬರುವ ಜೋಜಿ ಲಾ (3,528), ನಮಿಕಾ ಲಾ (ಸುಮಾರು 3,700), ಫೋಟು ಲಾ (4,108) ಕಣಿವೆದಾರಿಗಳನ್ನು ಹಗಲಲ್ಲಿ ದಾಟಿ ಮತ್ತೆ ಕೆಳಗಿಳಿದು ಮಲಗುತ್ತೀರಿ. ಮನಾಲಿ ಕಡೆಯಿಂದ ಬಂದರೆ 2,050 ಮೀಟರಿನಿಂದ ಹೊರಟವರು ಬಾರಲಾಚಾ ಲಾ (ಸುಮಾರು 4,850) ದಾಟಿ, 4,290 ಮೀಟರಿನ ಸರ್ಚುವಿನಲ್ಲೋ 4,600ರ ಪಾಂಗಿನಲ್ಲೋ ಟೆಂಟು ಹಿಡಿಯಬೇಕಾಗುತ್ತದೆ. ಲೇಹ್‌ಗಿಂತ ಎತ್ತರದಲ್ಲಿ, ಆಸ್ಪತ್ರೆ ಇಲ್ಲದ ಜಾಗದಲ್ಲಿ, ಅದೂ ಮೊದಲ ಎರಡು ರಾತ್ರಿಗಳಲ್ಲಿ! ತಲೆನೋವು, ವಾಂತಿ ಶುರುವಾಗುವುದು ಅಲ್ಲೇ. ಹಾಗಾಗಿ ಶ್ರೀನಗರದಿಂದ ಹತ್ತಿ, ಲಡಾಖಿನಲ್ಲಿ ಸುತ್ತಾಡಿ ಮೈ ಒಗ್ಗಿದ ಮೇಲೆ ಮನಾಲಿ ಕಡೆಗೆ ಇಳಿಯಿರಿ. ಮನಾಲಿಯಿಂದಲೇ ಹೋಗುವ ಅನಿವಾರ್ಯ ಇದ್ದರೆ ಜಿಸ್ಪಾದಲ್ಲಿ (ಸುಮಾರು 3,200) ಎರಡು ರಾತ್ರಿ ಉಳಿದು ಮುಂದೆ ಹೋಗಿ.

ಸಮಯ: ಜೂನ್ ಮಧ್ಯದಿಂದ ಸೆಪ್ಟೆಂಬರ್. ಮನಾಲಿ ದಾರಿ ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನಿನಲ್ಲಿ ಬೈಕುಗಳಿಗೆ ಓಡಿಸುವಂತಾಗಿ, ಅಕ್ಟೋಬರ್ ನಡುವಿನ ಹೊತ್ತಿಗೆ ಹಿಮಕ್ಕೆ ಸಿಕ್ಕುತ್ತದೆ. ಜುಲೈ, ಆಗಸ್ಟಿನಲ್ಲಿ ಲಡಾಖ್ ಒಣಗಿಯೇ ಇದ್ದರೂ ಮನಾಲಿ ಮತ್ತು ಕುಲು ಕಣಿವೆಯಲ್ಲಿ ಗುಡ್ಡ ಕುಸಿಯುವ ಕಾಲ. ಮೊದಲ ಸಲ ಹೋಗುವವರಿಗೆ ಸೆಪ್ಟೆಂಬರಿನ ಮೊದಲರ್ಧದಷ್ಟು ಒಳ್ಳೆಯ ಕಾಲ ಬೇರೆ ಇಲ್ಲ: ಹಳ್ಳಗಳಲ್ಲಿ ನೀರು ಕಡಿಮೆ, ಆಕಾಶ ಸ್ವಚ್ಛ, ಚಳಿ ಇನ್ನೂ ಸಹಿಸುವಷ್ಟು.

ದಿನಗಳ ಹಂಚಿಕೆ

ಜಮ್ಮುವಿನಿಂದ ಲೆಕ್ಕ ಶುರು ಮಾಡಿದರೆ ಕನಿಷ್ಠ ಹನ್ನೊಂದು ದಿನ ಬೇಕು. ಅದಕ್ಕೆ ಎರಡು ದಿನ ಕೈಯಲ್ಲಿ ಹೆಚ್ಚಿಗೆ ಇರಲಿ, ರಸ್ತೆ ಮುಚ್ಚಿದರೆ ಬೇಕಾಗುತ್ತದೆ.

1ನೇ ದಿನ ಜಮ್ಮುವಿನಿಂದ ಶ್ರೀನಗರ. 2ನೇ ದಿನ ಅಲ್ಲೇ ವಿಶ್ರಾಂತಿ, ಬೈಕಿನ ಬೋಲ್ಟುಗಳನ್ನೆಲ್ಲ ಒಮ್ಮೆ ಬಿಗಿ ಮಾಡಿ. 3ನೇ ದಿನ ಸೋನಮಾರ್ಗ್, ಜೋಜಿ ಲಾ, ದ್ರಾಸ್ ಮೂಲಕ ಕಾರ್ಗಿಲ್, ಸುಮಾರು 200 ಕಿ.ಮೀ. 2025ರ ಜನವರಿಯಲ್ಲಿ ತೆರೆದ 6.5 ಕಿ.ಮೀ. ಸುರಂಗದಿಂದ ಸೋನಮಾರ್ಗ್‌ವರೆಗೆ ಸಲೀಸು, ಅದರಾಚೆಯ ಜೋಜಿ ಲಾ ಮಾತ್ರ ಇವತ್ತಿಗೂ ಕೆಸರು, ಧೂಳು, ಲಾರಿಗಳ ಸಾಲು. ಅಲ್ಲಿ ವಾಹನ ಬಿಡುವ ಹೊತ್ತನ್ನು ಪೊಲೀಸರು ನಿಗದಿ ಮಾಡುವುದುಂಟು, ಹಿಂದಿನ ಸಂಜೆಯೇ ವಿಚಾರಿಸಿಕೊಳ್ಳಿ. 4ನೇ ದಿನ ಮುಲ್ಬೆಖ್, ಲಾಮಾಯುರು ದಾಟಿ ಲೇಹ್, ಸುಮಾರು 215 ಕಿ.ಮೀ. ಕಾರ್ಗಿಲ್‌ನಿಂದ ಲೇಹ್‌ಗೆ ಮಲಗುವ ಎತ್ತರ ಒಂದೇ ದಿನದಲ್ಲಿ ಎಂಟುನೂರು ಮೀಟರಿಗೂ ಹೆಚ್ಚು ಏರುತ್ತದೆ. ದಿನ ಇದ್ದವರು ಸುಮಾರು 3,000 ಮೀಟರಿನ ಖಲ್ತ್ಸೆಯಲ್ಲಿ ಒಂದು ರಾತ್ರಿ ತಂಗಬಹುದು.

5 ಮತ್ತು 6ನೇ ದಿನ ಲೇಹ್‌ನಲ್ಲಿ ಸುಮ್ಮನಿರಿ. ಈ ಎರಡು ದಿನ ಉಳಿಸಿ ಪಾಂಗಾಂಗ್ ಸರೋವರಕ್ಕೆ ಓಡುವವರೇ ಮರುದಿನ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊಳವೆ ಹಾಕಿಸಿಕೊಂಡಿರುತ್ತಾರೆ. 7ನೇ ದಿನ ಖಾರ್ದುಂಗ್ ಲಾ ಹತ್ತಿ ನುಬ್ರಾ ಕಣಿವೆಗೆ ಇಳಿಯಿರಿ. ಅಲ್ಲಿನ ದಿಸ್ಕಿತ್, ಹುಂದರ್ ಲೇಹ್‌ಗಿಂತ ತಗ್ಗಿನಲ್ಲಿರುವುದರಿಂದ ನಿದ್ದೆ ಚೆನ್ನಾಗಿ ಬರುತ್ತದೆ. 8ನೇ ದಿನ ಶ್ಯೋಕ್ ಕಣಿವೆಯಲ್ಲಿ ಪಾಂಗಾಂಗ್ (ಸುಮಾರು 4,250), 9ನೇ ದಿನ ಚಾಂಗ್ ಲಾ ದಾಟಿ ಮತ್ತೆ ಲೇಹ್. 10ನೇ ದಿನ ಲೇಹ್‌ನಿಂದ ಸರ್ಚು, ಸುಮಾರು 250 ಕಿ.ಮೀ. 11ನೇ ದಿನ ಬಾರಲಾಚಾ ಲಾ, ಜಿಸ್ಪಾ, ಅಟಲ್ ಸುರಂಗ, ಮನಾಲಿ.

ಖಾರ್ದುಂಗ್ ಲಾ ತುದಿಯಲ್ಲಿ ಬಹುಕಾಲ 18,380 ಅಡಿ ಎಂಬ ಫಲಕವಿತ್ತು, ನಿಜವಾದ ಎತ್ತರ 5,359 ಮೀಟರ್, ಅಂದರೆ 17,582 ಅಡಿ. ಫೋಟೊ ತೆಗೆಯಿರಿ, ಆದರೆ ಕಾಲು ಗಂಟೆಗಿಂತ ಹೆಚ್ಚು ನಿಲ್ಲಬೇಡಿ.

ಬೈಕ್ ತಯಾರಿ

ದೊಡ್ಡ ಎಂಜಿನ್ನೇ ಬೇಕೆಂಬ ಭ್ರಮೆ ಬೇಡ. ಸ್ಥಿತಿ ಚೆನ್ನಾಗಿರುವ 150–200 ಸಿಸಿ ಬೈಕುಗಳೂ ಆರಾಮಾಗಿ ಹೋಗಿಬರುತ್ತವೆ. ಹಾಳಾಗುವುದು ಬಹುತೇಕ ಕ್ಲಚ್ಚು, ಕೇಬಲ್ಲು, ಟ್ಯೂಬು, ಕ್ಯಾರಿಯರ್, ಈ ನಾಲ್ಕೇ.

ಕ್ಲಚ್ ಮೊದಲು. ಗಾಳಿ ತೆಳುವಾದಂತೆ ಪ್ರತಿ 1,000 ಮೀಟರಿಗೆ ಎಂಜಿನ್ ಶಕ್ತಿ ಸುಮಾರು ಹತ್ತನೇ ಒಂದು ಭಾಗ ಕುಗ್ಗುತ್ತದೆ. ಬೆಂಗಳೂರಿನಲ್ಲಿ 20 ಬಿಎಚ್‌ಪಿ ಆಸುಪಾಸು ಕೊಡುವ 350 ಸಿಸಿ ಬೈಕು ಖಾರ್ದುಂಗ್ ಲಾ ಮೇಲೆ 11–12ಕ್ಕೆ ಇಳಿದಿರುತ್ತದೆ. ಆಗ ಸವಾರ ಅರ್ಧ ಕ್ಲಚ್ ಹಿಡಿದು ಎಳೆಯುತ್ತಾನೆ, ಪ್ಲೇಟು ಸುಡುತ್ತದೆ. 20,000 ಕಿ.ಮೀ. ದಾಟಿದ ಬೈಕಾದರೆ ಹೊರಡುವ ಮೊದಲೇ ಕ್ಲಚ್ ಬಿಚ್ಚಿಸಿ ಪ್ಲೇಟುಗಳನ್ನು ಅಳತೆ ಮಾಡಿಸಿ. ಕೇಬಲ್ ಇರುವ ಬೈಕಿನಲ್ಲಿ ಲಿವರ್ ಬುಡದಲ್ಲಿ 2–3 ಮಿ.ಮೀ. ಆಟ (ಸಡಿಲು) ಇರಲೇಬೇಕು. ಆಟ ಪೂರ್ತಿ ಹೋಗಿದ್ದರೆ ಲಿವರ್ ಬಿಟ್ಟರೂ ಪ್ಲೇಟು ಗಟ್ಟಿಯಾಗಿ ಕಚ್ಚುವುದಿಲ್ಲ.

ಕೇಬಲ್ ನೋಡುವ ಬಗೆ ಇದು: ಲಿವರನ್ನು ಹ್ಯಾಂಡಲ್‌ಗೆ ಒತ್ತಿಹಿಡಿದು, ತುದಿಯ ಸೀಸದ ಗುಂಡು ಕೂರುವ ಜಾಗಕ್ಕೆ ಟಾರ್ಚ್ ಹಾಕಿ. ತಂತಿಯ ಒಂದೆರಡು ಎಳೆ ಬಿಚ್ಚಿಕೊಂಡು ಮುಳ್ಳಿನಂತೆ ಹೊರಗೆ ನಿಂತಿದ್ದರೆ ಆ ಕೇಬಲ್ ಬದಲಾಯಿಸಿ. ಉಳಿದ ಎಳೆಗಳು ಇನ್ನು ಕೆಲವೇ ದಿನ ತಾಳುತ್ತವೆ. ಹೊಸ ಸ್ಪೇರ್ ಕೇಬಲ್ಲನ್ನು ಬ್ಯಾಗಿನಲ್ಲಿಡುವ ಬದಲು ಹಳೆಯದರ ಪಕ್ಕದಲ್ಲೇ ಅದೇ ದಾರಿಯಲ್ಲಿ ಎಳೆದು, ಎರಡೂ ತುದಿಗೆ ಪ್ಲಾಸ್ಟಿಕ್ ಸುತ್ತಿ ಟೈ ಹಾಕಿಡಿ. ತುಂಡಾದರೆ ಟ್ಯಾಂಕ್ ಬಿಚ್ಚುವ ಗೋಜಿಲ್ಲ, ತುದಿಗಳನ್ನು ಸಿಕ್ಕಿಸಿದರೆ ಹತ್ತು ನಿಮಿಷದ ಕೆಲಸ. ಬೆರಳು ಮರಗಟ್ಟಿರುವಾಗ ಇದರ ಬೆಲೆ ಗೊತ್ತಾಗುತ್ತದೆ.

ಕಾರ್ಬ್ಯುರೇಟರ್ ಬೈಕಾದರೆ ಮೇಲೆ ಹೋದಂತೆ ಪೆಟ್ರೋಲಿನ ಪಾಲು ಹೆಚ್ಚಾಗಿ ಕಪ್ಪು ಹೊಗೆ, ಮುಗ್ಗರಿಸುವ ಓಟ, ಮಸಿ ಹಿಡಿದ ಪ್ಲಗ್. ಲೇಹ್‌ನಲ್ಲಿ ಮೆಕ್ಯಾನಿಕ್ ಹತ್ತಿರ ಒಂದು ಅಳತೆ ಚಿಕ್ಕ ಮೇನ್ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ಬಿಡಿಭಾಗ) ಹಾಕಿಸಬಹುದು, ಇಳಿದ ಮೇಲೆ ಮರೆಯದೆ ಹಳೆಯದನ್ನೇ ಹಾಕಿಸಿ. ತೆಗೆಯದಿದ್ದರೆ ಬಯಲಿನಲ್ಲಿ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಏರ್ ಫಿಲ್ಟರ್ ತೆಗೆದು ಓಡಿಸುವ ನಾಟಿ ಉಪಾಯ ಬೇಡವೇ ಬೇಡ, ಅಲ್ಲಿನ ನುಣ್ಣನೆ ಧೂಳು ಸಿಲಿಂಡರನ್ನು ಉಜ್ಜಿಬಿಡುತ್ತದೆ. ಫ್ಯುಯೆಲ್ ಇಂಜೆಕ್ಷನ್ ಬೈಕುಗಳು ಗಾಳಿಯ ಒತ್ತಡ ಅಳೆದು ಪೆಟ್ರೋಲನ್ನು ತಾವೇ ಸರಿಮಾಡಿಕೊಳ್ಳುತ್ತವೆ. ಶಕ್ತಿ ಮಾತ್ರ ಅವಕ್ಕೂ ಕುಗ್ಗುತ್ತದೆ.

ಟೈರಿನ ಗಾಳಿ ಹಲವರನ್ನು ಗೊಂದಲಕ್ಕೆ ಹಾಕುತ್ತದೆ. ಗೇಜ್ ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನು. ಬೆಂಗಳೂರಿನಲ್ಲಿ ತುಂಬಿಸಿದ 30 ಪಿಎಸ್‌ಐ ಲೇಹ್‌ನಲ್ಲಿ, ಚಳಿ ಲೆಕ್ಕಕ್ಕೆ ಹಿಡಿಯದಿದ್ದರೆ, 33–34 ಆಗಿ ಕಾಣುತ್ತದೆ, 5,300 ಮೀಟರಿನಲ್ಲಿ 35–36. ಅತ್ತ ಪ್ರತಿ 10 ಡಿಗ್ರಿ ಚಳಿಗೆ ಒಂದು, ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಒಟ್ಟಿನಲ್ಲಿ ಲೇಹ್‌ನಲ್ಲಿ ಬೆಳಗಿನ ತಣ್ಣನೆ ಟೈರಿಗೆ ಗೇಜ್ ಹಿಡಿದು ಕಂಪನಿ ಹೇಳಿದ ಮಟ್ಟಕ್ಕೆ ತನ್ನಿ. ಜಲ್ಲಿ ದಾರಿಗೆಂದು ಎರಡು ಪಿಎಸ್‌ಐ ಇಳಿಸಬಹುದು, ಅದಕ್ಕಿಂತ ಹೆಚ್ಚು ಬೇಡ. ಹೊರೆ ಹೊತ್ತ ಬೈಕಿನ ರಿಮ್ ಕಲ್ಲಿಗೆ ಬಡಿದು ಸೊಟ್ಟಗಾಗುತ್ತದೆ, ಟ್ಯೂಬು ಕಚ್ಚಿಕೊಂಡು ಎರಡು ಕಡೆ ಸೀಳುತ್ತದೆ. ಹೊರಗಿನ ಒತ್ತಡ ಕುಗ್ಗುವುದರಿಂದ ಪೆಟ್ರೋಲ್ ಕ್ಯಾನೂ ಮೇಲೆ ಹೋದಂತೆ ಉಬ್ಬುತ್ತದೆ. ಮುಚ್ಚಳ ನಿಧಾನ ಸಡಿಲಿಸಿ, ಬಿಸಿ ಎಂಜಿನ್ ಮೇಲೆ ಅಲ್ಲ.

ಜೊತೆಗಿರಬೇಕಾದ ಸಾಮಾನು: ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್ ಒಂದೊಂದು, ಕ್ಲಚ್ ಹಾಗೂ ಬ್ರೇಕ್ ಲಿವರ್ ಒಂದೊಂದು, ಪ್ಲಗ್ 1, ಫ್ಯೂಸ್ 3–4, ಚೈನ್ ಲಿಂಕ್ 1, ಹಿಂದಿನ ಬ್ರೇಕ್ ಪ್ಯಾಡ್ ಒಂದು ಜೊತೆ, ಮುಂದೆ ಹಿಂದೆ ಟ್ಯೂಬು ಒಂದೊಂದು, ಟೈರ್ ಲಿವರ್ 3, ಪ್ಯಾಚು, ಸೊಲ್ಯೂಷನ್, ಕೈಪಂಪು, ಚೈನ್ ಲ್ಯೂಬ್, ಎಂಜಿನ್ ಆಯಿಲ್ ಅರ್ಧ ಲೀಟರ್, ಎಂ-ಸೀಲ್, ಇನ್ಸುಲೇಷನ್ ಟೇಪು, ಕೇಬಲ್ ಟೈ ಇಪ್ಪತ್ತು, ಬೈಂಡಿಂಗ್ ವೈರ್ ಎರಡು ಮೀಟರ್. ಟ್ಯೂಬ್‌ಲೆಸ್ ಟೈರಾದರೆ ಟ್ಯೂಬಿನ ಬದಲು ಪಂಕ್ಚರ್ ಬತ್ತಿ ಆರು. ಒಂದೇ ಮಾದರಿಯ ಬೈಕುಗಳ ಗುಂಪಾದರೆ ಕ್ಲಚ್ ಪ್ಲೇಟಿನ ಒಂದು ಸೆಟ್ ಎಲ್ಲರಿಗೂ ಸೇರಿ ಸಾಕು.

ಲಗೇಜು 20 ಕೆ.ಜಿ. ಮೀರದಿರಲಿ. ಭಾರದ್ದು ತಗ್ಗಿನಲ್ಲಿ, ಸವಾರನ ಹತ್ತಿರ. ಹಿಂಬದಿ ಕ್ಯಾರಿಯರ್ ಮೇಲೆ ಎಲ್ಲ ಪೇರಿಸಿದರೆ ಅದರ ವೆಲ್ಡಿಂಗ್ ಬಿರಿಯುವುದು ಖಚಿತ, ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಹಿಡಿತವೂ ತಪ್ಪುತ್ತದೆ.

ರೈಲಿಗೆ ಹಾಕುವುದು

ಬೆಂಗಳೂರಿನಿಂದ ದೆಹಲಿಗೆ ಎರಡು ಸಾವಿರ ಕಿ.ಮೀ.ಗೂ ಹೆಚ್ಚು ಹೆದ್ದಾರಿ ಓಡಿಸಿ ಸುಸ್ತಾಗುವ ಬದಲು ಬೈಕನ್ನು ರೈಲಿಗೆ ಹಾಕುವುದು ಜಾಣತನ. ನೀವೂ ಅದೇ ರೈಲಿನಲ್ಲಿ ಹೋಗುತ್ತಿದ್ದರೆ ಟಿಕೆಟ್ ತೋರಿಸಿ ‘ಲಗೇಜ್’ ಎಂದು, ಇಲ್ಲವಾದರೆ ‘ಪಾರ್ಸೆಲ್’ ಎಂದು ಬುಕ್ ಮಾಡಬೇಕು. ಲಗೇಜ್ ದುಬಾರಿ, ಆದರೆ ನಿಮ್ಮ ಜೊತೆಗೇ ತಲುಪುವ ಸಾಧ್ಯತೆ ಹೆಚ್ಚು. ಆರ್‌ಸಿ, ಇನ್ಶೂರೆನ್ಸ್, ಗುರುತಿನ ಚೀಟಿಯ ಪ್ರತಿಗಳು ಬೇಕು. ಟ್ಯಾಂಕ್ ಪೂರ್ತಿ ಖಾಲಿ ಇರಬೇಕು. ಕನ್ನಡಿ ಬಿಚ್ಚಿಟ್ಟುಕೊಂಡು, ಇಂಡಿಕೇಟರ್, ಲಿವರುಗಳಿಗೆ ದಪ್ಪ ರಟ್ಟು ಸುತ್ತಿಸಿ, ಅದರ ಮೇಲೆ ಗೋಣಿ ಹೊಲಿಸಿ. ಪ್ರವಾಸ ಶುರುವಾಗುವ ಮೂರು ನಾಲ್ಕು ದಿನ ಮೊದಲೇ ಬೈಕ್ ತಲುಪುವಂತೆ ಕಳಿಸಿದರೆ ನೆಮ್ಮದಿ.

ಪೆಟ್ರೋಲ್

ಮನಾಲಿ ದಾರಿಯ ತಾಂಡಿ ಪಂಪಿನ ಬಳಿಯ ಹೆಸರಾಂತ ಫಲಕ ‘ಮುಂದಿನ ಪಂಪು 365 ಕಿ.ಮೀ.’ ಎನ್ನುತ್ತಿತ್ತು. ಲೇಹ್ ಕಡೆಯಿಂದ ಬರುವವರು ಲೇಹ್ ದಾಟಿ ಸಿಗುವ ಕಾರು ಎಂಬ ಊರಿನಲ್ಲಿ ತುಂಬಿಸಿಕೊಂಡು ತಾಂಡಿವರೆಗೆ ಅದೇ ಲೆಕ್ಕ ಹಿಡಿಯಲಿ. ನಡುವೆ ಪಂಪು ಬಂದಿದೆಯೆಂದು ಯಾರಾದರೂ ಹೇಳಿದರೂ ಅದನ್ನು ನೆಚ್ಚಿಕೊಂಡು ಹೊರಡಬೇಡಿ. ಕೆಳಗಿನ ಗೇರಿನಲ್ಲೇ ಏರುವುದರಿಂದ ಮೈಲೇಜ್ ಊರಿನದಕ್ಕಿಂತ ಐದನೇ ಒಂದು ಭಾಗ ಕಡಿಮೆ ಎಂದಿಟ್ಟುಕೊಳ್ಳಿ. 35 ಕೊಡುವ ಬೈಕಿಗೆ 28. ಅಂದರೆ 13 ಲೀಟರ್ ಟ್ಯಾಂಕಿಗೆ 364 ಕಿ.ಮೀ., ಕೂದಲೆಳೆಯಲ್ಲಿ. ಐದು ಲೀಟರಿನ ಲೋಹದ ಕ್ಯಾನ್ ಜೊತೆಗಿರಲಿ, ಸೈಲೆನ್ಸರ್ ಇಲ್ಲದ ಬದಿಗೆ ಕಟ್ಟಿ. ನುಬ್ರಾದ ದಿಸ್ಕಿತ್‌ನಲ್ಲಿ ಪಂಪಿದೆ. ಅಲ್ಲಿ ತುಂಬಿಸಿದರೆ ಪಾಂಗಾಂಗ್ ಸುತ್ತಿ ಕಾರುವರೆಗಿನ ಸುಮಾರು 300 ಕಿ.ಮೀ.ಗೆ ಚಿಂತೆಯಿಲ್ಲ.

ಏರಿನಲ್ಲಿ

ಲೇಹ್‌ನಿಂದ ಖಾರ್ದುಂಗ್ ಲಾ ತುದಿಗೆ ಸುಮಾರು 40 ಕಿ.ಮೀ., ಅಷ್ಟರಲ್ಲಿ 1,850 ಮೀಟರ್ ಏರು. ಸೌತ್ ಪುಲ್ಲು ಚೆಕ್‌ಪೋಸ್ಟ್ ದಾಟಿದ ಮೇಲೆ ಡಾಂಬರು ಕಿತ್ತುಹೋಗಿರುವ ಜಾಗಗಳೂ ಹಿಮ ಕರಗಿದ ಕೆಸರೂ ಸಿಗುತ್ತವೆ.

ಅಲ್ಲಿನ ಎಡ ತಿರುವು ಮತ್ತು ಬಲ ತಿರುವನ್ನು ಒಂದೇ ರೀತಿ ತೆಗೆದುಕೊಳ್ಳಬಾರದು. ಎಡಕ್ಕೆ ಸುತ್ತುವ ಏರಿನ ಹೇರ್‌ಪಿನ್‌ನಲ್ಲಿ ನಮ್ಮದು ಒಳಬದಿ, ಏರು ಅತಿ ಕಡಿದಾಗಿರುವುದೂ ಅಲ್ಲೇ. ತಿರುವಿಗೆ ಹತ್ತು ಹದಿನೈದು ಮೀಟರ್ ಮುಂಚೆಯೇ ಒಂದನೇ ಗೇರಿಗೆ ಬಂದು ಕ್ಲಚ್ ಲಿವರ್ ಪೂರ್ತಿ ಬಿಡಿ. ಹಾರ್ನ್ ಮಾಡಿ, ತಲೆಯೆತ್ತಿ ಮೇಲಿನ ರಸ್ತೆಯಲ್ಲಿ ಲಾರಿ ಇಳಿಯುತ್ತಿದೆಯೇ ನೋಡಿ. ನಿಮ್ಮ ಪಾಲಿನ ರಸ್ತೆಯಲ್ಲೇ ನಡುಗೆರೆಯ ಕಡೆ ಸ್ವಲ್ಪ ಸರಿದು ಅಗಲವಾಗಿ ಪ್ರವೇಶಿಸಿ, ಆಕ್ಸಿಲರೇಟರ್ ಒಂದೇ ಹದದಲ್ಲಿ ಹಿಡಿದು ಸುತ್ತಿ. ಗೇರು ಇಳಿಸುವುದನ್ನು ತಿರುವಿನ ಮಧ್ಯಕ್ಕೆ ಬಿಟ್ಟರೆ ಎಂಜಿನ್ ಉಸಿರು ಕಟ್ಟುತ್ತದೆ, ಕೈ ತಾನಾಗಿ ಕ್ಲಚ್‌ಗೆ ಹೋಗುತ್ತದೆ, ಕಾಲು ಊರುವ ಹೊತ್ತಿಗೆ ಬೈಕು ಒಳಬದಿಗೆ ವಾಲಿರುತ್ತದೆ. ಬಲ ತಿರುವು ಅಗಲ, ಎರಡನೇ ಗೇರಿನಲ್ಲೇ ಆಗುತ್ತದೆ. ಅಲ್ಲಿನ ಅಪಾಯ ಎದುರಿನಿಂದ ನಮ್ಮ ಬದಿಗೆ ನುಗ್ಗುವ ವಾಹನ, ಜೊತೆಗೆ ಹೊರ ಅಂಚಿಗೆ ಸರಿದು ಕೂತ ಜಲ್ಲಿ.

ಸುಟ್ಟ ವಾಸನೆ ಬಂತು, ಎಂಜಿನ್ ಕಿರುಚುತ್ತದೆ ಆದರೆ ಬೈಕು ಏರುತ್ತಿಲ್ಲ ಎಂದರೆ ಕ್ಲಚ್ ಜಾರುತ್ತಿದೆ. ಸಮತಟ್ಟು ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ, ಕೇಬಲ್ಲಿನ ಆಟ ಒಂದೆರಡು ಸುತ್ತು ಹೆಚ್ಚಿಸಿ. ಹಿಂಬದಿ ಸವಾರರಿದ್ದರೆ ಕಡಿದಾದ ತುಂಡನ್ನು ಬೇರೆ ವಾಹನದಲ್ಲಿ ದಾಟಲಿ. ಆ ಎತ್ತರದಲ್ಲಿ ಬೈಕ್ ತಳ್ಳುವ ಸಾಹಸ ಮಾಡಿದರೆ ಬೈಕಿಗಿಂತ ಮೊದಲು ತಳ್ಳಿದವರು ಮಲಗುತ್ತಾರೆ.

ಇಳಿಜಾರಿನಲ್ಲಿ

ಸರ್ಚು ಕಡೆಗೆ ಬರುವಾಗ ನಕೀ ಲಾ ದಾಟಿದ ಮೇಲೆ ಗಾಟಾ ಲೂಪ್ಸ್‌ನ 21 ತಿರುವುಗಳಲ್ಲಿ ಇಳಿಯಬೇಕು. ಏರುವಾಗ ಬೇಕಾಗುತ್ತಿದ್ದ ಗೇರೇ ಇಳಿಯುವಾಗಲೂ ಇರಲಿ: ಎರಡನೆಯದು, ತಿರುವಿನಲ್ಲಿ ಒಂದನೆಯದು. ವೇಗವನ್ನು ಎಂಜಿನ್ ಹಿಡಿಯಲಿ, ಬ್ರೇಕನ್ನು ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ. ಹಿಂಬದಿ ಪೆಡಲ್ ಮೇಲೆ ಉದ್ದಕ್ಕೂ ಕಾಲಿಟ್ಟು ಇಳಿದರೆ ಡಿಸ್ಕ್ ಕಾದು, ಬ್ರೇಕ್ ಆಯಿಲ್ ಕುದಿದು, ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಹಾಗಾದರೆ ನಿಲ್ಲಿಸಿ ಆರಿಸಿ, ನೀರು ಹೊಯ್ಯಬೇಡಿ. ಪೆಟ್ರೋಲ್ ಉಳಿಸಲು ಎಂಜಿನ್ ಆರಿಸಿ ಜಾರುವುದು ಹುಚ್ಚುತನ. ಏರುತ್ತಿರುವ ವಾಹನಕ್ಕೆ ಮೊದಲು ದಾರಿ ಬಿಡಬೇಕು, ಅದು ನಿಯಮವೂ ಹೌದು. ಸೇನೆಯ ಲಾರಿ ಸಾಲನ್ನು ಅವರು ಕೈಮಾಡುವವರೆಗೆ ಹಿಂದಿಕ್ಕಬೇಡಿ, ಎದುರಿನಿಂದ ಬಂದರೆ ಗುಡ್ಡದ ಬದಿಗೆ ನಿಲ್ಲಿ. ಮೇಲೆ ಸಡಿಲ ಕಲ್ಲುಗಳಿರುವ ಕಡೆ ಮಾತ್ರ ಯಾವ ಕಾರಣಕ್ಕೂ ನಿಲ್ಲಬೇಡಿ.

ಹಳ್ಳ ದಾಟುವುದು

ರಸ್ತೆಗೆ ಅಡ್ಡ ಹರಿಯುವ ನಾಲಾಗಳು ಹಿಮ ಕರಗಿದ ನೀರು. ಬಿಸಿಲೇರಿದಂತೆ ಉಬ್ಬುತ್ತವೆ, ಮಧ್ಯಾಹ್ನದ ಮೇಲೆ ಅತಿ ಜೋರು. ಸರ್ಚುವಿನಲ್ಲಿ ತಂಗಲು ಹೇಳಿದ್ದು ಇದಕ್ಕೇ: ಬಾರಲಾಚಾದ ಎರಡೂ ಬದಿಯ, ಭರತಪುರ, ಜಿಂಗ್‌ಜಿಂಗ್‌ಬಾರ್ ಕಡೆಯ ನೀರನ್ನು ಬೆಳಿಗ್ಗೆ ಹತ್ತರೊಳಗೆ ದಾಟಬಹುದು. ತೀರಾ ಮುಂಜಾನೆಯೂ ಬೇಡ, ರಸ್ತೆ ಮೇಲಿನ ನೀರು ಗಾಜಿನಂತೆ ಹೆಪ್ಪುಗಟ್ಟಿರುತ್ತದೆ. ಬಿಸಿಲು ಬಿದ್ದು ಅರ್ಧ ಗಂಟೆಯಾಗಲಿ.

ದಡದಲ್ಲಿ ನಿಂತು ಮುಂದಿನ ವಾಹನದ ಚಕ್ರ ಎಲ್ಲಿ ಎಷ್ಟು ಮುಳುಗಿತು ನೋಡಿ. ಚಕ್ರದ ಆಕ್ಸಲ್‌ವರೆಗಾದರೆ ಹೋಗಬಹುದು, ಮೊಣಕಾಲಿನವರೆಗೆ ರಭಸದ ನೀರಿದ್ದರೆ ಕಾಯಿರಿ ಅಥವಾ ಲಾರಿಗೆ ಬೈಕ್ ಹತ್ತಿಸಿ. ಒಂದನೇ ಗೇರು, ಕ್ಲಚ್ ಪೂರ್ತಿ ಬಿಟ್ಟು, ಹದವಾದ ಒಂದೇ ವೇಗ. ನೀರು ಧುಮುಕುವ ಅಂಚಿನಿಂದ ದೂರ, ಅದು ಹರಿದುಬರುವ ಬದಿಗೆ ಹತ್ತಿರ ಇರಿ. ಚಕ್ರದ ಮುಂದಿನ ಕಲ್ಲು ನೋಡಬೇಡಿ, ಆಚೆ ದಡ ನೋಡಿ. ಬೈಕ್ ಬಿದ್ದು ಎಂಜಿನ್ ನೀರು ಕುಡಿದಿದ್ದರೆ ಸೆಲ್ಫ್ ಒತ್ತಲೇಬೇಡಿ. ಸಿಲಿಂಡರಿನ ನೀರು ಅದುಮಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ, ಫಿಲ್ಟರ್ ಹಿಂಡಿ ಒಣಗಿಸಿ, ಪ್ಲಗ್ ಇಲ್ಲದೆಯೇ ಎಂಜಿನ್ ಸುತ್ತಿಸಿ ನೀರು ಹೊರಹಾಕಿ, ಆಮೇಲೆ ಸ್ಟಾರ್ಟ್ ಮಾಡಿ. ಆಯಿಲ್ ಹಾಲುಬಿಳಿಯಾಗಿದ್ದರೆ ಬದಲಾಯಿಸದೆ ಮುಂದೆ ಹೋಗಬಾರದು. ದಾಟಿದ ಮೇಲೆ ಬ್ರೇಕನ್ನು ಹಗುರಾಗಿ ನಾಲ್ಕೈದು ಸಲ ಒತ್ತಿ ಒಣಗಿಸಿ.

ದೇಹ

3,000 ಮೀಟರ್ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ವೈದ್ಯರ ಸಾಮಾನ್ಯ ನಿಯಮ. ಮೋಟಾರು ರಸ್ತೆಯಲ್ಲಿ ಅದು ಮುರಿಯುತ್ತದೆ, ಮುರಿದಾಗಲೆಲ್ಲ ವಿಶ್ರಾಂತಿಯ ದಿನ ಸೇರಿಸಿ. ಅಸಿಟಜೋಲಮೈಡ್ (ಡಯಾಮಾಕ್ಸ್) ಮಾತ್ರೆಯನ್ನು ಮುನ್ನೆಚ್ಚರಿಕೆಗೆ ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಸಲ್ಫಾ ಔಷಧ ಆಗದವರು ಇದ್ದಾರೆ, ಊರಲ್ಲೇ ವೈದ್ಯರನ್ನು ಕಂಡು ಬರೆಸಿಕೊಳ್ಳಿ. ಬೆರಳು ಜುಮ್ಮೆನ್ನುವುದು, ಪದೇ ಪದೇ ಮೂತ್ರ ಬರುವುದು ಅದರ ಗುಣ, ಗಾಬರಿ ಬೇಡ. ದಿನಕ್ಕೆ ಮೂರು ಲೀಟರ್ ನೀರು, ಒಂದು ಪೊಟ್ಟಣ ಓಆರ್‌ಎಸ್. ಮೊದಲ ದಿನಗಳಲ್ಲಿ ಮದ್ಯ, ನಿದ್ದೆಮಾತ್ರೆ ಬೇಡ.

ಕರ್ಪೂರ ಮೂಸುವ ಪದ್ಧತಿ ಎಲ್ಲೆಡೆ ಇದೆ. ಮೂಗು ಬಿಟ್ಟಂತೆ ಅನಿಸುತ್ತದೆಯೇ ಹೊರತು ರಕ್ತಕ್ಕೆ ಆಮ್ಲಜನಕ ಸೇರುವುದಿಲ್ಲ. ಅಂಗಡಿಯ ಚಿಕ್ಕ ಆಮ್ಲಜನಕ ಡಬ್ಬಿಯೂ ಕೆಲವು ನಿಮಿಷದ್ದು, ಅದನ್ನು ನಂಬಿ ಮೇಲೆ ಹೋಗಬೇಡಿ. ಬರೀ ತಲೆನೋವು, ವಾಕರಿಕೆ ಇದ್ದರೆ ಅಲ್ಲೇ ಉಳಿಯಿರಿ, ಕಡಿಮೆಯಾಗುವವರೆಗೆ ಏರಬೇಡಿ. ಜೊತೆಗಾರರಲ್ಲಿ ಈ ಎರಡನ್ನು ಗಮನಿಸಿ: ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ಗುಲಾಬಿ ನೊರೆ ಬಂದರೆ ಶ್ವಾಸಕೋಶದಲ್ಲಿ ನೀರು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಯಲಾಗದೆ ತೂರಾಡಿದರೆ ಮಿದುಳಿನ ಊತ. ಎರಡಕ್ಕೂ ಮದ್ದು ತಕ್ಷಣ ಕೆಳಗಿಳಿಸುವುದು. ರಾತ್ರಿಯಾದರೂ ಸರಿ, ಬೈಕಿನಲ್ಲಲ್ಲ, ಮುಚ್ಚಿದ ವಾಹನದಲ್ಲಿ. ಲೇಹ್‌ನ ಸೋನಮ್ ನೋರ್ಬು ಸ್ಮಾರಕ ಆಸ್ಪತ್ರೆಯಲ್ಲಿ ಇಂಥವರಿಗೆ ಚಿಕಿತ್ಸೆ ಸಿಗುತ್ತದೆ. ಇನ್ನೊಂದು: ಕಿಟಕಿ ಮುಚ್ಚಿದ ಕೋಣೆಯಲ್ಲಿ ಬುಖಾರಿ (ಕೋಣೆ ಬೆಚ್ಚಗಿಡುವ ಒಲೆ) ಉರಿಸಿಕೊಂಡು ಮಲಗಬೇಡಿ, ಟೆಂಟಿನೊಳಗೆ ಇದ್ದಿಲೂ ಬೇಡ. ಅದರ ವಿಷಾನಿಲಕ್ಕೆ ವಾಸನೆ ಇಲ್ಲ.

ಬಟ್ಟೆಯನ್ನು ಪದರಪದರವಾಗಿ ಹಾಕಿ: ಒಳಗೆ ಥರ್ಮಲ್, ನಡುವೆ ಫ್ಲೀಸ್, ಮೇಲೆ ಪ್ಯಾಡ್ ಇರುವ ರೈಡಿಂಗ್ ಜಾಕೆಟ್, ಮಳೆಗೆ ಬೇರೆ ಕೋಟು. ಕೈಗವಸು ಎರಡು ಜೊತೆ, ಒಂದು ಒದ್ದೆಯಾದರೆ ಇನ್ನೊಂದು. ಸಾಕ್ಸ್ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ ಬೂಟು ತೊಟ್ಟರೆ ಹಳ್ಳ ದಾಟಿದ ಮೇಲೂ ಪಾದ ಬೆಚ್ಚಗಿರುತ್ತದೆ.

ಕಾಗದ, ಫೋನು

ಬೇರೆ ರಾಜ್ಯಗಳ ಪ್ರೀಪೇಯ್ಡ್ ಸಿಮ್ ಜಮ್ಮು–ಕಾಶ್ಮೀರ, ಲಡಾಖಿನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಮನಾಲಿ ದಾರಿಯಲ್ಲಿ ಲೇಹ್ ದಾಟಿ ಸಿಗುವ ಉಪ್ಶಿಯಿಂದ ಜಿಸ್ಪಾವರೆಗೆ ನೆಟ್‌ವರ್ಕ್ ಸಿಗುತ್ತದೆಂದು ಎಣಿಸಬೇಡಿ, ನಕಾಶೆ ಮೊದಲೇ ಇಳಿಸಿಕೊಳ್ಳಿ. ನುಬ್ರಾ, ಪಾಂಗಾಂಗ್ ಕಡೆಗೆ ಹೋಗಲು ಬೇಕಾದ ಶುಲ್ಕ, ಪರವಾನಗಿಯ ನಿಯಮ ಆಗಾಗ ಬದಲಾಗುವುದರಿಂದ ಹೊರಡುವ ವಾರ ಲೇಹ್ ಜಿಲ್ಲಾಡಳಿತದ ಪೋರ್ಟಲ್ ನೋಡಿ, ಐದಾರು ಮುದ್ರಿತ ಪ್ರತಿ ಇಟ್ಟುಕೊಳ್ಳಿ. ಮನಾಲಿಯಲ್ಲೋ ದೆಹಲಿಯಲ್ಲೋ ಬಾಡಿಗೆಗೆ ಪಡೆದ ಬೈಕಿನಲ್ಲಿ ಲೇಹ್ ತಲುಪಬಹುದು, ಅಲ್ಲಿಂದ ನುಬ್ರಾ, ಪಾಂಗಾಂಗ್‌ಗೆ ಅದನ್ನು ಒಯ್ಯಲು ಸ್ಥಳೀಯ ಬಾಡಿಗೆ ಬೈಕಿನವರ ಸಂಘ ಬಿಡುವುದಿಲ್ಲ. ನಿಮ್ಮದೇ ಹೆಸರಿನ ಆರ್‌ಸಿ ಇದ್ದರೆ ತಕರಾರಿಲ್ಲ, ಸ್ನೇಹಿತರ ಬೈಕಾದರೆ ವಾಗ್ವಾದಕ್ಕೆ ತಯಾರಿರಿ. ಅಟಲ್ ಸುರಂಗಕ್ಕೆ ಪರವಾನಗಿ ಬೇಡ, ಮನಾಲಿಯಿಂದ ರೋಹ್ತಾಂಗ್ ತುದಿಗೆ ಹೋಗುವುದಾದರೆ ಬೇಕು.

ಮನಾಲಿ ತಲುಪಿದ ಮರುದಿನ, ಬಯಲಿಗೆ ಇಳಿಯುವ ಮುಂಚೆ, ಬೈಕ್ ತೊಳೆಸಿ ನೋಡಿ: ಬ್ರೇಕ್ ಪ್ಯಾಡ್ ದಪ್ಪ, ಚಕ್ರದ ಕಡ್ಡಿಗಳ (ಸ್ಪೋಕ್) ಬಿಗಿ, ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವೆ ಕಟ್ ಎಂದು ಕಚ್ಚುತ್ತದೆಯೇ (ಕೋನ್‌ಸೆಟ್, ಅಂದರೆ ಹ್ಯಾಂಡಲಿನ ಬೇರಿಂಗ್, ಹೋಗಿರುತ್ತದೆ), ಚೈನು, ಕ್ಯಾರಿಯರ್‌ನ ವೆಲ್ಡಿಂಗ್. ಏರ್ ಫಿಲ್ಟರ್, ಎಂಜಿನ್ ಆಯಿಲ್ ಎರಡನ್ನೂ ಬದಲಾಯಿಸಿ. ಟೈರಿನ ಗಾಳಿ ಮತ್ತೆ ಅಳೆಯಿರಿ, ಲೇಹ್‌ನಲ್ಲಿ ಸರಿಮಾಡಿದ್ದು ಇಲ್ಲಿ ಕಡಿಮೆ ತೋರಿಸುತ್ತದೆ, ಚಂಡೀಗಢ ತಲುಪುವಾಗ ಇನ್ನೂ ಕಡಿಮೆ.